ಅತ್ತೆಯನ್ನೇ ಕೇಳುವ ಜಾಲ

ಮಂಗಳವಾರ, ೧೧ ಮಾರ್ಚ್

ಲ್ಯಾಬಿನಲ್ಲಿ ನಾವು ಕಟ್ಟುತ್ತಿರುವ ಪ್ರಯೋಗದ ಕಂಪ್ಯೂಟರ್ ಜಾಲ ಇವತ್ತೂ ಕೈಕೊಟ್ಟಿತು. ಫೈಲ್ ಯಾವ ಕಂಪ್ಯೂಟರಿನಲ್ಲಿದೆ ಅಂತ ಹೇಳಬೇಕಿಲ್ಲ, ಹೆಸರು ಹೇಳಿದರೆ ಸಾಕು, ಅದರ ಪ್ರತಿ ಇರುವ ಹತ್ತಿರದ ಕಂಪ್ಯೂಟರಿನಿಂದ ಅದು ಸಿಗಬೇಕು. ಆದರೆ ಯಾವ ಹೆಸರು ಎಲ್ಲಿದೆ ಅಂತ ಎಲ್ಲರೂ ಕೇಳುವುದು ಒಂದೇ ಕಂಪ್ಯೂಟರನ್ನು. ಹೆಸರು ಹೆಚ್ಚಾದಂತೆ ಅದು ಸುಸ್ತಾಗಿ ಕೂರುತ್ತದೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಇದನ್ನು ಕೈಬಿಡೋಣ ಅಂದರು ಲ್ಯಾಬಿನ ಮೇಡಂ.

ಅದನ್ನೇ ಯೋಚಿಸುತ್ತಾ ಮನೆಗೆ ಬಂದರೆ ಕತ್ತರಿ ಕಾಣಲಿಲ್ಲ. ನಾದಿನಿಯ ಮನೆಗೆ ಹೋಗಿರುವ ಅತ್ತೆಗೆ ಫೋನ್ ಮಾಡಿದೆ.

"ಅವನು ಮೀಸೆ ಕತ್ತರಿಸಿಕೊಳ್ತಿರ್ತಾನೆ, ಅವನ ಕೈಯಲ್ಲೇ ಇರುತ್ತೆ ನೋಡಮ್ಮ," ಅಂದರು.

ನಿಜ. ಇವರು ಪಕ್ಕದ ಕೋಣೆಯಲ್ಲೇ ಕನ್ನಡಿ ಮುಂದೆ ನಿಂತಿದ್ದರು. ಒಂದು ಸಲ ಕೂಗಿದ್ದರೆ ಸಾಕಿತ್ತು. ನನಗೇ ನಗು ಬಂತು. ನಾಳೆ ಜಾಲಕ್ಕೂ ಇದನ್ನೇ ಕಲಿಸಿ ನೋಡಬೇಕು: ಮೊದಲು ಪಕ್ಕದವರನ್ನು ಕೇಳು, ಅವರಿಗೂ ಗೊತ್ತಿಲ್ಲದಿದ್ದರೆ ಮಾತ್ರ ದೊಡ್ಡವರ ಹತ್ತಿರ ಹೋಗು. ಆಗ ಎಷ್ಟು ಹೆಸರು ಬಂದರೂ ಜಾಲ ತಡೆದುಕೊಳ್ಳಬಹುದೇನೋ.

ಫೋನ್ ಇಡುವ ಮುನ್ನ ಅತ್ತೆ ಕೇಳಿದರು, "ನನ್ನ ಕನ್ನಡಕ ಅಲ್ಲೇ ಬಿಟ್ಟೆನಾ? ಬಂದಾಗಿನಿಂದ ಪೇಪರ್ ಓದೋಕಾಗಿಲ್ಲ."

ನನಗೆ ಗೊತ್ತಿರಲಿಲ್ಲ. ಹೊಸ ನಿಯಮದ ಪ್ರಕಾರ ಪಕ್ಕದವರನ್ನು ಕೇಳಿದೆ. ಇವರು ಕನ್ನಡಿಯಿಂದ ಕಣ್ಣು ಕೀಳದೆ, "ಅಮ್ಮನ್ನ ಕೇಳು" ಅಂದರು.