ನಿಮ್ಮವ್ವನ ನಿದ್ದೆ

ಮಕ್ತಲ್
೧೨ ಏಪ್ರಿಲ್ ೨೦೨೫

ಮುದ್ದು ಮಗಳು ಹರಿತಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ಹೇಗಿದ್ದೀಯ ತಾಯಿ? ಇಟಿಕ್ಯಾಲದಲ್ಲಿ ಬಿಸಿಲು ನಮಗಿಂತ ಜೋರಂತೆ. ಅಳಿಯಂದಿರ ಕಾಲುನೋವು ಇಳಿಯಿತೇ? ಬೀರಪ್ಪನ ದಯೆಯಿಂದ ನಾವೂ ಕುರಿಗಳೂ ಇದ್ದೇವೆ. ಫೋನು ಬಿಟ್ಟು ಕಾಗದ ಬರೆದನಲ್ಲ ಈ ಮುದುಕ ಎಂದು ನಗಬೇಡ. ಕುರಿಗಳನ್ನು ಕೂಗಿ ಕೂಗಿ ನನ್ನ ದನಿ ದೊಡ್ಡದಾಗಿದೆ, ಫೋನಿನಲ್ಲಿ ಮಾತಾಡಿದರೆ ನಿಮ್ಮವ್ವನಿಗೆ ಕೇಳಿಸಿಬಿಡುತ್ತದೆ.

ಸೋಮವಾರ ಅವಳನ್ನು ನಾರಾಯಣಪೇಟೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ನಿನ್ನ ಮದುವೆಗೂ ಮುಂಚಿನ ಆ ತುರಿಕೆ ಇನ್ನೂ ಬಿಟ್ಟಿಲ್ಲ ನೋಡು. ಡಾಕ್ಟರಮ್ಮ ಮೈ ನೋಡಿದ್ದಕ್ಕಿಂತ ನಿದ್ದೆಯನ್ನು ಕೇಳಿದ್ದೇ ಹೆಚ್ಚು. ಮಲಗಿದ ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತದೆ, ಕೆರೆದುಕೊಳ್ಳಲು ಎಷ್ಟು ಸಲ ಎಚ್ಚರವಾಗುತ್ತದೆ, ಹಗಲು ತೂಕಡಿಕೆ ಬರುತ್ತದೆಯೇ ಎಂದೆಲ್ಲ. ಔಷಧಿಯನ್ನು ಅದನ್ನು ನೋಡಿಯೇ ಕೊಡಬೇಕಂತೆ. ನಿಮ್ಮವ್ವ ನೆಲ ನೋಡುತ್ತ ಕೂತಳು. ಅವಳು ಬಾಯಿ ತೆರೆಯುವ ಮುಂಚೆ ನಾನೇ ಊರ ಗೌಡನಂತೆ, "ಚಲೋ ನಿದ್ದಿ ಮಾಡ್ತಾಳ್ರೀ, ಏನೂ ತೊಂದ್ರಿ ಇಲ್ಲ" ಅಂದುಬಿಟ್ಟೆ. ಹಟ್ಟಿಯಲ್ಲಿ ಕುರಿಗಳ ಜೊತೆ ಮಲಗುವವನಿಗೆ ಮನೆಯೊಳಗಿನವಳ ನಿದ್ದೆ ಏನು ಗೊತ್ತು? ಡಾಕ್ಟರಮ್ಮ ಹಳೆಯ ಮುಲಾಮನ್ನೇ ಬರೆದುಕೊಟ್ಟರು.

ವಾಪಸು ಬರುವಾಗ ಬಸ್ಸು ನಾರಾಯಣಪೇಟೆ ದಾಟುವ ಮೊದಲೇ ಅವಳು ನನ್ನ ಭುಜಕ್ಕೆ ಒರಗಿ ಮಲಗಿದಳು. ನಿದ್ದೆಯಲ್ಲೂ ಕೈ ಮೊಣಕೈಯನ್ನು ಕೆರೆಯುತ್ತಲೇ ಇತ್ತು. ಮಕ್ತಲ್ ಬಂತು, ಜನ ಇಳಿದರು, ಕಂಡಕ್ಟರ್ ಕೂಗಿದ, ಅವಳಿಗೆ ಎಚ್ಚರವಿಲ್ಲ. ಎಬ್ಬಿಸಿದರೆ, "ಎಷ್ಟ್ ದಿನಾ ಆಗಿತ್ತು ಹಿಂಗ ಮಲಗಿ" ಅಂದಳು. ಮಂದೆಯಲ್ಲಿ ಒಂದು ಕುರಿ ಮೇವು ಬಿಟ್ಟರೂ ಗುರುತಿಸುವ ನಾನು ಇದನ್ನು ಗುರುತಿಸಲಿಲ್ಲವಲ್ಲ. ನಾಚಿಕೆಯಾಗುತ್ತದೆ ಮಗಳೇ.

ನಿನ್ನ ಮದುವೆಯವರೆಗೆ ಅವಳ ಪಕ್ಕದಲ್ಲಿ ಮಲಗಿದವಳು ನೀನು, ನಿನಗೆ ಗೊತ್ತಿದ್ದೇ ಇರುತ್ತದೆ. ಬಸವ ಜಯಂತಿ ಕಳೆದ ಮೇಲಿನ ಸೋಮವಾರ ಮತ್ತೆ ಹೋಗುತ್ತೇವೆ. ಗದ್ವಾಲದಲ್ಲಿ ಬಸ್ಸು ಬದಲಿಸಿ ಹಿಂದಿನ ದಿನವೇ ಬಂದುಬಿಡು. ಡಾಕ್ಟರಮ್ಮನ ಮುಂದೆ ನೀನೇ ಹೇಳು. ನಾನು ಹೊರಗೆ ಕೂರುತ್ತೇನೆ.

ನಿಮ್ಮ ಅತ್ತೆಯವರಿಗೆ ನಮ್ಮ ಶರಣು ತಿಳಿಸು. ಮೈಲಾರಲಿಂಗ ನಿನ್ನ ಮನೆ ತಂಪಾಗಿಡಲಿ.

ನಿನ್ನ ಅಪ್ಪ,
ಕುರುಮಯ್ಯ

ತಾ.ಕ.: ಬರುವಾಗ ಹಳೆ ಸೀರೆಯ ಮೆತ್ತನೆಯ ಕೌದಿಯೊಂದನ್ನು ತಾ. ಕಂಬಳಿ ಹಾಸಿ ಮಲಗಬೇಡಿ, ಉಣ್ಣೆ ಚುಚ್ಚಿ ತುರಿಕೆ ಹೆಚ್ಚುತ್ತದೆ ಎಂದೂ ಡಾಕ್ಟರಮ್ಮ ಹೇಳಿದ್ದರು. ಪ್ರತಿ ವರ್ಷ ಉಣ್ಣೆ ಕತ್ತರಿಸಿದ ಮೇಲೆ ನೇಯ್ದ ಮೊದಲ ಕಂಬಳಿ ನಿಮ್ಮವ್ವನಿಗೇ ಅಲ್ಲವೇ? "ಬೀರಪ್ಪನ ಕಂಬಳಿ, ನೀವು ಕೊಟ್ಟದ್ದು, ಹೆಂಗ ಬಿಡ್ಲಿ?" ಅಂದಳು. ಬಿಡು ಅನ್ನಬೇಕಾದ ನಾನು ಹಿಗ್ಗಿ ಸುಮ್ಮನಾದೆ. ಈಗ ಹಟ್ಟಿಯಲ್ಲಿ ಚಳಿ ಎಂದು ಹೇಳಿ ಅದನ್ನು ಕೇಳಿ ಇಸಿದುಕೊಳ್ಳುತ್ತೇನೆ. ಈ ಬಿಸಿಲಿನಲ್ಲಿ ಅವಳು ನಂಬುವುದಿಲ್ಲ. ಆದರೂ ಕೊಡುತ್ತಾಳೆ.