ಬೋಳುಪಟ್ಟಿಯಲ್ಲಿ ಅವ್ವ ಕೂಗಿದ್ದು

ಇಲೊಮಾಂತ್ಸಿ, ಫಿನ್‌ಲ್ಯಾಂಡ್
ಹಿಮಗರಗು ತಿಂಗಳ ಮೂವತ್ತೆರಡನೇ ದಿನ, 2288

ಇನ್ನೂ ಹುಟ್ಟದ ನನ್ನ ಮರಿಮಕ್ಕಳೇ,

ತಿಂಗಳಿಗೆ ಮೂವತ್ತೆರಡು ದಿನ ಎಲ್ಲಿಂದ ಬಂತು ಎಂದು ನಗಬೇಡಿ. ವಸಂತ ತಡವಾದರೆ ತಿಂಗಳನ್ನೇ ಎಳೆಯುವುದು ನಮ್ಮ ಕಾಲದ ರೂಢಿ. ನನ್ನ ಕನ್ನಡವೂ ವಿಚಿತ್ರವಾಗಿ ಕೇಳಿಸಬಹುದು. ಗದಗಿನಿಂದ ಬಂದ ಮನೆತನ ತಲೆಮಾರುಗಟ್ಟಲೆ ಹಿಮದಲ್ಲಿ ಕೂತರೆ ಮಾತು ಸ್ವಲ್ಪ ಸೆಟೆದುಕೊಳ್ಳುತ್ತದೆ, ಕ್ಷಮಿಸಿ.

ನಮ್ಮ ಮನೆಯವರ ಕೆಲಸ ಬೋಳುಪಟ್ಟಿ ಕಾಯುವುದು. ಫಿನ್‌ಲ್ಯಾಂಡಿಗೂ ರಷ್ಯಾಕ್ಕೂ ನಡುವೆ, ಕಾಡಿನ ಉದ್ದಕ್ಕೂ ಮರ ಕಡಿದು ಬಯಲು ಮಾಡಿದ ಜಾಗಕ್ಕೆ ಆ ಹೆಸರು. ಬೇಸಿಗೆಯಲ್ಲಿ ತಲೆಯೆತ್ತುವ ಸಸಿಗಳನ್ನು ಯಂತ್ರ ಸವರುತ್ತದೆ. ಕಲ್ಲಿನ ಸಂದಿಯಲ್ಲಿ ಉಳಿದವನ್ನು ನಾವು ಕುಡುಗೋಲಿನಿಂದ ಸವರುತ್ತೇವೆ. ನಮ್ಮ ಬುತ್ತಿಗೆ ರೈ ಧಾನ್ಯದ ರೊಟ್ಟಿ, ಅಗಸಿ ಹಿಂಡಿ; ಸೊಳ್ಳೆಗಳ ಬುತ್ತಿಗೆ ನಾವು. ಆಚೆ ಬದಿಯಲ್ಲಿ ಅವರ ಕೆಲಸದವರು ಇರುತ್ತಾರೆ. ಎದುರುಬದುರು ನಿಂತರೂ ಮಾತಾಡುವಂತಿಲ್ಲ. ಗಡಿಯಾಚೆ ಒಂದು ಮಾತು ಹೋದರೂ ಅಪರಾಧ ಎನ್ನುವ ಈ ಕಾನೂನನ್ನು ಮೌನಕಟ್ಟು ಎನ್ನುತ್ತೇವೆ.

ಅತಿಯಾಯಿತು ಅನ್ನಿಸಬಹುದು. ಆದರೆ ಈ ಪುಟ್ಟ ದೇಶ ಒಂದು ಕಾಲಕ್ಕೆ ರಷ್ಯಾದ ಚಕ್ರವರ್ತಿಯ ಕೈಕೆಳಗಿತ್ತು. ಬಿಡಿಸಿಕೊಂಡ ಮೇಲೆ, ಇಪ್ಪತ್ತನೇ ಶತಮಾನದ ಎರಡನೇ ಮಹಾಯುದ್ಧದಲ್ಲಿ, ಅದೇ ನೆರೆಯ ಸೈನ್ಯದೊಡನೆ ಎರಡು ಸಲ ಕಾದಿತು. ಎರಡನೆಯ ಸಲ ಜರ್ಮನಿಯ ಜೊತೆಗೂಡಿದ್ದನ್ನು ನಾವು ಮುಚ್ಚಿಡುವುದಿಲ್ಲ. ಪೂರ್ವದಂಚಿನ ಕರೇಲಿಯ ಪ್ರಾಂತ್ಯದ ಬಹುಭಾಗ ಕೈತಪ್ಪಿತು. ಅಲ್ಲಿಂದ ಮನೆ ಬಿಟ್ಟು ಬಂದ ನಾಲ್ಕು ಲಕ್ಷ ಜನರಿಗೆ ಉಳಿದವರು ಹೊಲ ಹಂಚಿಕೊಟ್ಟರು. ಸ್ವಾತಂತ್ರ್ಯ ಮಾತ್ರ ಬಿಡಲಿಲ್ಲ. ಆಮೇಲೆ ದಶಕಗಟ್ಟಲೆ ನೆರೆಯವನೊಡನೆ ಅಳೆದು ತೂಗಿ ಮಾತಾಡಿ ಬದುಕಿದರು. ಎದೆಯುಬ್ಬಿಸಿ ಬರೆಯುತ್ತಿದ್ದೇನೆ, ಅದಕ್ಕೆ ನನಗೆ ನಾಚಿಕೆಯಿಲ್ಲ.

ಆ ಮೌನಕಟ್ಟನ್ನು ನನ್ನ ಅವ್ವ ಸಂಗವ್ವ ಹೆಲ್ಮಿ ಮುರಿದಳು. ಒಂದು ಒಣ ಬೇಸಿಗೆಯಲ್ಲಿ ಆಚೆ ಬದಿಗೆ, ಪಟ್ಟಿಯ ಅಂಚಿನ ಮರಗಳ ಬುಡದಲ್ಲಿ, ಒಬ್ಬ ಹೆಂಗಸು ಬಗ್ಗಿ ಸಸಿ ಕೊಯ್ಯುತ್ತಿದ್ದಳು. ಅವಳ ಬೆನ್ನ ಹಿಂದಿನ ಕಾಡಿಗೆ ಬೆಂಕಿ ಬಿದ್ದಿತ್ತು, ಅವಳು ನೋಡಿರಲಿಲ್ಲ. ಗಾಬರಿಯಲ್ಲಿ ಅವ್ವನ ಬಾಯಿಗೆ ಬಂದದ್ದು ಕನ್ನಡ: “ಏ ತಂಗಿ, ಬೆಂಕಿ! ಬಯಲಿಗೆ ಓಡಿ ಬಾ!” ಆ ಹೆಂಗಸು ತಲೆಯೆತ್ತಿದಳು, ಹಿಂದೆ ನೋಡಿದಳು, ಬೋಳು ನೆಲಕ್ಕೆ ಓಡಿ ಬಂದು ಗಡಿಗಂಬದ ಆಚೆಗೇ ನಿಂತಳು. ಬದುಕಿದಳು.

ಮಾತು ಗಡಿ ದಾಟಿದ್ದಕ್ಕೆ ವಿಚಾರಣೆಯಾಯಿತು. ಗಡಿ ನ್ಯಾಯಮಂಡಳಿಯಲ್ಲಿ ಅವ್ವನ ವಕೀಲ ಜಾಣತನ ತೋರಿಸಿದ. ಆಚೆಯವಳಿಗೆ ಕನ್ನಡ ಬಾರದು, ಅರ್ಥವಾಗದ ಕೂಗು ಮಾತೇ ಅಲ್ಲ, ಆದ್ದರಿಂದ ಕಾನೂನು ಮುರಿದಿಲ್ಲ ಎಂದ. ಅವ್ವ ಹೂಂ ಅಂದಿದ್ದರೆ ಕೆಲಸ ಉಳಿಯುತ್ತಿತ್ತು. ಅವಳು ಎದ್ದು ನಿಂತಳು. “ಸುಳ್ಳ್ಯಾಕ್ರೀ? ಆಕಿಗೆ ತಿಳೀಲಿ ಅಂತನ ಒದರೀನಿ. ಆಕಿಗೆ ತಿಳದೈತಿ,” ಎಂದು, ಅದನ್ನೇ ಫಿನ್ನಿಷ್‌ನಲ್ಲಿ ಇನ್ನೊಮ್ಮೆ ಹೇಳಿದಳು.

ಕೆಲಸ ಹೋಯಿತು. ತೀರ್ಪು ಕೇಳಿ ನಾನು ಅತ್ತುಬಿಟ್ಟೆ, ಅವ್ವ ಅಳಲಿಲ್ಲ. ದೊಡ್ಡ ನೆರೆಯ ಪಕ್ಕದ ಚಿಕ್ಕ ದೇಶಕ್ಕೆ ಕಾನೂನೇ ಬೇಲಿ, ಅದನ್ನು ದಾಟಿದರೆ ತನಗೂ ಶಿಕ್ಷೆಯೇ ಎಂದಳು. ಮುಂದಿನ ಬೇಸಿಗೆ ಅವಳ ಕುಡುಗೋಲು ಹಿಡಿದು ನಾನು ಪಟ್ಟಿಗೆ ಹೋದೆ.

ಈ ಕೆಲಸ ನಿಮ್ಮ ಕೈಗೂ ಬರುತ್ತದೆ. ಸಸಿಗಳನ್ನು ಬುಡದವರೆಗೆ ಸವರಿ. ಮೌನಕಟ್ಟು ಪಾಲಿಸಿ. ಆಚೆ ಬೆಂಕಿ ಕಂಡರೆ ಬಾಯಿಗೆ ಬಂದ ಭಾಷೆಯಲ್ಲಿ ಕೂಗಿ. ಆಮೇಲೆ ನೀವೇ ಹೋಗಿ, ಕೂಗಿದ್ದು ನಾನು ಎಂದು ಹೇಳಿ.

ನಿಮ್ಮ ಮುತ್ತಜ್ಜಿ,
ನೀಲವ್ವ ಐನೊ