ಗೋದಾಮಿಗೆ ಯಾವುದು, ಮನೆಗೆ ಯಾವುದು

ಅಡುಗೆಮನೆಯ ಮೇಜಿನಿಂದ
ಭಾನುವಾರ, ಹದಿನಾಲ್ಕನೇ ತಾರೀಖು

ಮುದ್ದಿನ ತಮ್ಮಾ,

ಹೇಗಿದ್ದೀಯ? ಹಲ್ಲುನೋವು ಅಂತ ಬರೆದಿದ್ದೆಯಲ್ಲ, ವಾಸಿಯಾಯಿತೋ, ಇಲ್ಲ ಹಡಗಿನಲ್ಲಿ ಹಲ್ಲು ಕೀಳುವವರಿಲ್ಲ ಅಂತ ಲವಂಗ ಕಚ್ಚಿಕೊಂಡೇ ತಿರುಗುತ್ತಿದ್ದೀಯೋ? ಮೂವತ್ತು ಜನಕ್ಕೆ ಬೇಯಿಸಿ ಬಡಿಸುವವನು ತಾನು ಮಾತ್ರ ಒಲೆಯ ಪಕ್ಕ ನಿಂತುಕೊಂಡೇ ಉಣ್ಣುತ್ತಾನೆ ಅಂತ ನನಗೆ ಗೊತ್ತು. ಕೂತು ಉಣ್ಣು. ನಿನ್ನ ಭಾವನ ಸೊಂಟನೋವು ಹಾಗೇ ಇದೆ. ಶಾಲೆಯ ಬಸ್ಸು ಓಡಿಸುವವರಿಗೆ ಅದು ಸಂಬಳದ ಜೊತೆಗೇ ಬರುತ್ತದಂತೆ. ನನ್ನ ಕನ್ನಡಕದ ಅಂಗಡಿ ಎಂದಿನಂತೆ ನಡೆದಿದೆ, ಜನ ಕನ್ನಡಕ ಹಾಕಿಕೊಂಡೇ ಕನ್ನಡಕ ಹುಡುಕುತ್ತಿದ್ದಾರೆ. ಅಪ್ಪ ಹೇಗಿದ್ದಾರೆ ಅಂತ ಕೇಳಿದ್ದೀಯ. ಶುಕ್ರವಾರ ಬೆಳಗ್ಗೆ ಕೇಳಿದ್ದರೆ ಯೋಚಿಸದೆ 'ಆರಾಮ' ಅಂತ ಬರೆದುಬಿಡುತ್ತಿದ್ದೆ. ಈಗ ಆ ಪದ ಬರೆಯಲು ಕೈ ಬರುತ್ತಿಲ್ಲ. ಗಾಬರಿಯಾಗಬೇಡ, ಅವರ ಮೈಗೆ ಏನೂ ಆಗಿಲ್ಲ. ಗರ ಬಡಿದಿರುವುದು ನನಗೆ. ಎರಡು ದಿನದಿಂದ ಮಾಡಿದ ಕೆಲಸವನ್ನೇ ಮಾಡುತ್ತಿದ್ದೇನೆ, ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದೇನೆ.

ಎಲ್ಲ ಶುರುವಾದದ್ದು, ಸಾಮಾನು ಇಡಲು ಬಾಡಿಗೆಗೆ ಕೊಡುತ್ತಾರಲ್ಲ, ಆ ಸ್ಟೋರೇಜ್ ಕೋಣೆಯಿಂದ. 'ಬಾಡಿಗೆಗೆ ಒಂದು ಹಿಡಿ ಅಕ್ಕ, ನನ್ನ ಡಬ್ಬಗಳನ್ನೂ ಅಲ್ಲೇ ಹಾಕು, ನೀವು ಉಸಿರಾಡಿ' ಅಂತ ಬರೆದಿದ್ದೆಯಲ್ಲ. ಉಸಿರಾಡುವುದು ಕಷ್ಟವೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ನಡುಮನೆಯಲ್ಲಿ ಅಡ್ಡಡ್ಡ ನಡೆಯುವುದು ನಮಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ರಸ್ತೆಯಲ್ಲೂ ನಾನು ಭುಜ ಓರೆ ಮಾಡಿಕೊಂಡೇ ನಡೆಯುತ್ತೇನೆ ಅಂತ ಭಾವ ನಗುತ್ತಾರೆ. ನಿನ್ನ ಡ್ರಮ್ಮು, ಸೈಕಲ್ಲು, ಹಗ್ಗ ಬಿಗಿದ ಒಂಬತ್ತು ಡಬ್ಬ. ತೂಕ ಇಳಿಸಲು ನಾನು ತಂದು, ಈಗ ಒದ್ದೆ ಬಟ್ಟೆ ಒಣಹಾಕುವ ವ್ಯಾಯಾಮದ ಯಂತ್ರ. ಭಾವ ನಾಳೆಯಿಂದ ಕಲಿಯುತ್ತೇನೆ ಎನ್ನುತ್ತಲೇ ಇರುವ ಗಿಟಾರು. ಇವುಗಳ ಮೇಲೆ ಅಪ್ಪನ ಆಸ್ತಿ. ನಲವತ್ತು ವರ್ಷ ಲಾರಿಯಲ್ಲಿ ಊರವರ ಮನೆ ಸಾಮಾನು ಸಾಗಿಸಿದವರು, ಯಾರು ಏನು ಬೇಡವೆಂದು ಬಿಟ್ಟುಹೋದರೂ ಎತ್ತಿಕೊಂಡು ಬಂದವರು. ಮೂರು ಗೋಡೆ ಗಡಿಯಾರ, ಮೂರೂ ಬೇರೆ ಬೇರೆ ಹೊತ್ತು ತೋರಿಸುತ್ತವೆ. ಆಳುದ್ದದ ಕನ್ನಡಿ. ಯಾರದೋ ಅಜ್ಜನ ಫೋಟೊ, ನಾವು ಚಿಕ್ಕಂದಿನಲ್ಲಿ ನಮ್ಮಜ್ಜನೇ ಅಂದುಕೊಂಡು ಮಾತಾಡಿಸುತ್ತಿದ್ದೆವಲ್ಲ, ಅದು.

ಸರಿ, ಹೋದ ಭಾನುವಾರ ಭಾವ, ನಾನು ಆ ಜಾಗ ನೋಡಿಕೊಂಡು ಬಂದೆವು. ಉದ್ದದ ಹಜಾರ, ಎರಡೂ ಕಡೆ ಒಂದೇ ಬಣ್ಣದ ತಗಡಿನ ಷಟರು. ಅಲುಗಾಡದೆ ನಿಂತರೆ ದೀಪ ತಾನೇ ಆರಿಹೋಗುತ್ತದೆ, ಆಗ ಕೈ ಬೀಸಬೇಕು. ನಾವು ಅಳೆದೂ ಸುರಿದೂ ಯೋಚಿಸುತ್ತ ನಿಂತಿದ್ದರಿಂದ ಕೈ ಬೀಸುವುದೇ ದೊಡ್ಡ ಕೆಲಸವಾಯಿತು. ಅಲ್ಲಿನವನು ತೋರಿಸಿದ ಚಿಕ್ಕ ಕೋಣೆ ಲಿಫ್ಟಿನಷ್ಟಿತ್ತು. ಎದುರಿನ ಕೋಣೆಯಲ್ಲಿ ಒಬ್ಬ ಹೆಂಗಸು ಚಳಿಯ ಕೋಟು ಒಂದಕ್ಕಾಗಿ ಬೆಳಗ್ಗೆಯಿಂದ ಹುಡುಕುತ್ತಿದ್ದಳು, ಅವಳ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಭಾವ ಮೂಗು ಮುರಿದರು. 'ಕಣ್ಣಿಗೆ ಬೀಳಬಾರದು ಅನ್ನೋ ಸಾಮಾನಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟೋದಾ, ಮಾರಿಬಿಡು' ಅಂದರು. ಹಾಗಾದರೆ ಮೊದಲು ಗಿಟಾರು ಮಾರೋಣ ಅಂದೆ, ಬಾಡಿಗೆ ಎಷ್ಟು ಅಂತ ವಿಚಾರಿಸತೊಡಗಿದರು. ನನಗಂತೂ ಆ ಜಾಗ ಹಿಡಿಸಿತ್ತು. ಅಷ್ಟು ನಿಶ್ಶಬ್ದ, ಅಷ್ಟು ಖಾಲಿ. ಸಾಮಾನಿನ ಬದಲು ನಾನೇ ಹೋಗಿ ಕೂರಬಹುದು ಅನ್ನಿಸಿತು.

ವಾರವೆಲ್ಲ ಹಗ್ಗಜಗ್ಗಾಟ. ಕೊನೆಗೆ ಗುರುವಾರ ಊಟದ ಹೊತ್ತಿನಲ್ಲಿ ನಾನೇ ಹೇಳಿದೆ, 'ಅಪ್ಪಾ, ನಿಮ್ಮ ಲಾರಿ ಲೆಕ್ಕದಲ್ಲೇ ಗುರುತು ಹಾಕಿಬಿಡಿ, ನೀವು ಹೇಳಿದ ಹಾಗೇ ಮಾಡೋಣ' ಅಂತ. ಅವರ ಲೆಕ್ಕ ನಿನಗೆ ನೆನಪಿರಬೇಕು. ಮನೆಯವರನ್ನು ಕೇಳಬಾರದು, ಕೇಳಿದರೆ ಮುರಿದ ಬಾಚಣಿಗೆಯೂ ಬೇಕು ಅನ್ನುತ್ತಾರೆ. ವರ್ಷದಿಂದ ಯಾರ ಕೈಯೂ ಸೋಕದ್ದಕ್ಕೆ ಸೀಮೆಸುಣ್ಣದಲ್ಲಿ ಕತ್ತರಿ ಗುರುತು, ಅದು ಗೋದಾಮಿಗೆ. ಕೈ ಸೋಕಿದ್ದಕ್ಕೆ ಸೊನ್ನೆ, ಅದು ಮನೆಗೆ. ಬೆರಳಿನಿಂದ ಧೂಳು ಸವರಿ ನೋಡಿದರೆ ಸಾಕು, ಸಾಮಾನು ಸುಳ್ಳು ಹೇಳುವುದಿಲ್ಲ ಅನ್ನುತ್ತಾರಲ್ಲ. ಕೇಳಿದ್ದೇ ತಡ ಅಪ್ಪನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡರು. ನನಗೂ ಒಂದು ಪುಣ್ಯದ ಕೆಲಸ ಮಾಡಿದ ಸಮಾಧಾನ.

ಶುಕ್ರವಾರ ಸಂಜೆ ಬಂದು ಬಾಗಿಲು ತೆಗೆದರೆ ಮನೆಯೆಲ್ಲ ಸುಣ್ಣದ ಗುರುತು. ನಾವಿಬ್ಬರೂ ಚಪ್ಪಲಿಯನ್ನೂ ಬಿಡದೆ ನೋಡುತ್ತ, ನಗುತ್ತ ಹೋದೆವು. ನನ್ನ ಯಂತ್ರಕ್ಕೆ ಸೊನ್ನೆ, ಬಟ್ಟೆ ಒಣಗಿಸುವುದೂ ಕೈ ಸೋಕಿದ ಲೆಕ್ಕವೇ ತಾನೆ. ಗಿಟಾರಿಗೆ ದೊಡ್ಡ ಕತ್ತರಿ. ಭಾವ ಮುಖ ಊದಿಸಿಕೊಂಡರು. ಗಡಿಯಾರಗಳಿಗೆ ಕತ್ತರಿ, ಕನ್ನಡಿಗೆ ಕತ್ತರಿ, ಆ ಪರಕೀಯ ಅಜ್ಜನಿಗೂ ಕತ್ತರಿ. ನಿನ್ನ ಒಂಬತ್ತು ಡಬ್ಬಕ್ಕೂ, ಡ್ರಮ್ಮಿಗೂ, ಸೈಕಲ್ಲಿಗೂ ಮಾತ್ರ ಸೊನ್ನೆ. ಇದು ಪಕ್ಷಪಾತ ಅಂತ ನಾನು ಅಲ್ಲಿಂದಲೇ ಕೂಗಿದೆ. 'ವಾರ ವಾರ ಒರೆಸ್ತೀನಲ್ಲಮ್ಮ, ನನ್ನ ಕೈ ಸೋಕಿದೆ' ಅಂತ ಒಳಗಿನಿಂದ ಉತ್ತರ ಬಂತು. ಒರೆಸುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ ಕಣೋ. ಒಂದೇ ಸೂರಿನಡಿ ಇದ್ದೇನೆ.

ಆಮೇಲೆ ಅವರ ಕೋಣೆಯ ಬಾಗಿಲಿಗೆ ಹೋದೆ. ಮಂಚಕ್ಕೆ ಕತ್ತರಿ. ಕಪಾಟಿಗೆ, ಪೆಟ್ಟಿಗೆಗೆ, ಕಿಟಕಿಯ ಪಕ್ಕದ ಅವರ ಕುರ್ಚಿಗೆ, ರೇಡಿಯೋಗೆ, ಎಲ್ಲಕ್ಕೂ ಕತ್ತರಿ. ಹಾಸಿಗೆ ಸುರುಳಿ ಸುತ್ತಿ ಹಗ್ಗ ಬಿಗಿದಾಗಿತ್ತು. ಬರಿಯ ಹಲಗೆಯ ಮೇಲೆ ಕೂತು ಅಪ್ಪ ಕೈಯ ಸುಣ್ಣ ಒರೆಸಿಕೊಳ್ಳುತ್ತಿದ್ದರು, ಕೆಲಸ ಮುಗಿಸಿದವರ ಹಾಗೆ, ಸಂತೋಷವಾಗಿ. ಇದೇನಪ್ಪಾ ಅಂದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: 'ಬಾಡಿಗೆ ಕೋಣೆ ಬೇಡಮ್ಮ, ದಂಡ. ಮನೇಲೇ ಒಂದು ಕೋಣೆ ಖಾಲಿ ಮಾಡಿದ್ರೆ ಕತ್ತರಿ ಸಾಮಾನೆಲ್ಲ ಇಲ್ಲೇ ಹಿಡಿಯುತ್ತೆ, ಅಳೆದು ನೋಡಿದೀನಿ. ನಮ್ಮ ಹಳೇ ಲಾರಿ ಡ್ರೈವರ್ ಒಬ್ಬನೇ ಇದಾನಲ್ಲ, ಗ್ಯಾರೇಜಿನ ಹಿಂದೆ, ಅವನ ಹತ್ರ ಒಂದು ಮಂಚಕ್ಕೆ ಜಾಗ ಇದೆ. ಮುಂದಿನ ಶನಿವಾರ ಬರ್ತೀನಿ ಅಂದಿದೀನಿ.'

ಸಿಟ್ಟಿದ್ದರೆ, ಕೊಂಕಿದ್ದರೆ ನಾನೂ ಜಗಳವಾಡುತ್ತಿದ್ದೆ. ಏನೂ ಇರಲಿಲ್ಲ. ಗಿರಾಕಿಗೆ ಕಡಿಮೆ ಖರ್ಚಿನ ದಾರಿ ಹುಡುಕಿಕೊಟ್ಟ ಹೆಮ್ಮೆ ಇತ್ತು, ಅಷ್ಟೇ. ನಿಮ್ಮ ಕೋಣೆಗೆ ಹೇಗೆ ಕತ್ತರಿ ಹಾಕಿದಿರಿ, ನೀವು ದಿನಾ ಇಲ್ಲೇ ಇರುತ್ತೀರಲ್ಲ ಅಂತ ಕೇಳಿದೆ. ಅವರು ಎದ್ದು, ತಮ್ಮ ಕುರ್ಚಿಯ ಎದುರಿಗಿದ್ದ ಇನ್ನೊಂದು ಕುರ್ಚಿಯ ಮೇಲೆ ಬೆರಳು ಎಳೆದು ತೋರಿಸಿದರು. ಧೂಳಿನಲ್ಲಿ ಗೆರೆ ಬಿತ್ತು. ಆ ಕುರ್ಚಿಯನ್ನು ಅವರು ಒರೆಸುವುದಿಲ್ಲವಂತೆ, ಬಂದು ಕೂತವರ ಬಟ್ಟೆಯೇ ಒರೆಸುತ್ತದೆ ಅಂತ. 'ನನ್ನ ಸಾಮಾನಿಗೆ ನನ್ನ ಕೈ ಲೆಕ್ಕಕ್ಕಿಲ್ಲ. ನೀವೆಲ್ಲ ಬಾಗಿಲಲ್ಲೇ ನಿಂತು ಊಟಕ್ಕೆ ಕರೀತೀರಿ. ತಪ್ಪಂತಲ್ಲಮ್ಮ, ಓಡಾಟದ ಜೀವ ನಿಮ್ಮದು. ಲೆಕ್ಕ ಲೆಕ್ಕವೇ' ಅಂದರು. ಆಗಲೂ ನಾನು ಬಾಗಿಲಲ್ಲೇ ನಿಂತಿದ್ದೆ, ತಮ್ಮಾ. ಒಂದು ಕಾಲು ಹೊರಗಿತ್ತು.

ಹೋಗಿ ಆ ಧೂಳಿನ ಮೇಲೆಯೇ ಕೂತೆ. ಭಾವ ಎಂದೂ ಇಲ್ಲದ ಹಾಗೆ ಚಹಾ ಮಾಡಿ ತಂದು ನೆಲದ ಮೇಲೆ ಕೂತರು. ಬೇಡಿದೆ, ಬೈದೆ, ಅತ್ತೆ. ಅಪ್ಪ ನನ್ನ ತಲೆ ಸವರಿ ಸಮಾಧಾನ ಮಾಡಿದರೇ ಹೊರತು ಜಗ್ಗಲಿಲ್ಲ. ಲಾರಿ ಕಸುಬಿನವರು ಮಾತು ಕೊಟ್ಟ ದಿನ ತಪ್ಪಿಸಿದರೆ ಮರ್ಯಾದೆ ಹೋದಂತೆ, ಅದು ಅವರ ವೇದ. ಸ್ಟೋರೇಜಿನವನು ನಿನ್ನೆ ಫೋನ್ ಮಾಡಿ ಏನು ನಿರ್ಧಾರ ಮಾಡಿದಿರಿ ಅಂದ. ಬೇಡ ಅಂದೆ. ಯಾಕೆ ಅಂತ ಕೇಳಿದ, ಫೋನ್ ಇಟ್ಟುಬಿಟ್ಟೆ. ಗಡಿಯಾರ, ಕನ್ನಡಿ, ಗಿಟಾರು ಎಲ್ಲವನ್ನೂ ಬೇಕಾದವರಿಗೆ ಕೊಟ್ಟುಬಿಡುತ್ತೇವೆ, ಭಾವನೂ ಒಪ್ಪಿದ್ದಾರೆ. ಆದರೆ ಈಗ ಅದು ಸಾಮಾನಿನ ಮಾತಾಗಿ ಉಳಿದಿಲ್ಲ, ಅಪ್ಪನ ತಲೆಯಲ್ಲಿ ಕೋಣೆ ಖಾಲಿಯಾಗಿ ಹೋಗಿದೆ.

ನೀನು ಅಷ್ಟು ದೂರ ಕೂತು ಏನು ಮಾಡಬಲ್ಲೆ ಅಂತ ಕೊರಗಬೇಡ. ನಿದ್ದೆಗೆಡಬೇಡ, ಹಲ್ಲು ತೋರಿಸಿಕೋ, ಡೆಕ್ಕಿನ ಮೇಲೆ ಗಾಳಿ ಜೋರಿದ್ದಾಗ ನಿಲ್ಲಬೇಡ. ಭಾವ ನಿನ್ನನ್ನು ಕೇಳಿದ್ದಾರೆ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ಮರೆತ ಮಾತು: ಇದನ್ನು ಮಡಚುವಷ್ಟರಲ್ಲಿ ಅಪ್ಪ ನೀರಿಗೆಂದು ಇಲ್ಲಿಗೆ ಬಂದರು. ಯಾರಿಗೆ ಕಾಗದ ಅಂದರು, ತಮ್ಮನಿಗೆ ಅಂದೆ. ಅವರು ಸುಮ್ಮನೆ ತಲೆಯಾಡಿಸಿದ್ದು ನೋಡಿ ನನಗೇನಾಯಿತೋ, 'ಅವನು ನಿಮ್ಮ ಹೆಸರಿಗೇ ಒಂದು ಕಾಗದ ಹಾಕಿದ್ದಾನಂತೆ, ದಾರಿಯಲ್ಲಿದೆ' ಅಂದುಬಿಟ್ಟೆ. ಲೋಟ ಹಿಡಿದು ಹಾಗೇ ನಿಂತರು. ಒಂದು ವಿಳಾಸಕ್ಕೆ ಟಪಾಲು ಬರುವುದಿದ್ದರೆ ಅದು ಕೈಸೇರುವವರೆಗೆ ಆ ಮನೆ ಖಾಲಿ ಮಾಡಬಾರದಂತೆ, ಅವರ ಕಸುಬಿನಲ್ಲಿ ಕೊಟ್ಟ ದಿನವನ್ನೂ ಮೀರಿದ ನಿಯಮ ಅದೊಂದೇ ಅಂತೆ. ಈಗ ಫೋನಿನಲ್ಲಿ ಡ್ರೈವರಿಗೆ ಹೇಳುತ್ತಿದ್ದಾರೆ, ಇಲ್ಲಿಗೇ ಕೇಳುತ್ತಿದೆ: 'ಈ ಶನಿವಾರ ಆಗಲ್ಲ ಮಾರಾಯ, ಮಗನ ಕಾಗದ ಬರೋದಿದೆ.' ಇದೇ ಮಾತನ್ನು ಮೂರನೇ ಸಲ ಹೇಳುತ್ತಿದ್ದಾರೆ. ಓದಿದ ಕೂಡಲೇ ಬರೆ. ಲಕೋಟೆಯ ಮೇಲೆ ಅವರ ಹೆಸರು, ನನ್ನದಲ್ಲ. ಹದಿನಾಲ್ಕಕ್ಕಿಂತ ಹಿಂದಿನ ತಾರೀಖು ಹಾಕು. ಕೊನೆಯಲ್ಲಿ, ಇನ್ನೊಂದು ಕಾಗದ ಹಾಕುತ್ತಿದ್ದೇನೆ ಅಂತ ಬರೆದು, ನಿಜವಾಗಿ ಹಾಕು.